ನನ್ನ ವೀಸಾಕ್ಕಾಗಿ ಎಲ್ಲರ ಉಪವಾಸ

ಏಪ್ರಿಲ್ 19, ಮಂಗಳವಾರ

ಬಂದು ಸೇರಿದೆ. ಈ ದಿನಚರಿಯಲ್ಲಿ ದೇವರ ಸೇವೆಯ ವಿಷಯ ಬಿಟ್ಟು ಬೇರೇನನ್ನೂ ಬರೆಯಬಾರದೆಂದು ವಿಮಾನದಲ್ಲೇ ನಿಶ್ಚಯಿಸಿಕೊಂಡಿದ್ದೆ. ದಿನಕ್ಕೊಂದು ಕೃತಜ್ಞತೆ, ದಿನಕ್ಕೊಂದು ಸಾಕ್ಷಿ. ಫಿನ್‌ಲ್ಯಾಂಡಿನ ವಿಷಯ ಬರೆಯುವುದಿಲ್ಲ. ಧರ್ಮಪ್ರಚಾರಕ್ಕೆಂದು ಒಂದೂವರೆ ವರ್ಷದ ಮಟ್ಟಿಗೆ ಅಲ್ಲಿಗೆ ಹೋದೆ, ಮೂರನೆಯ ತಿಂಗಳಿಗೇ ಮನೆಗೆ ಕಳಿಸಿದರು, ಚಳಿಗಾಲವೆಲ್ಲ ಐಡಹೋದಲ್ಲಿ ನಮ್ಮ ಮನೆಯ ನೆಲಮಾಳಿಗೆಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಉಳಿದ ಅವಧಿಯನ್ನು ಇಲ್ಲಿ ಕಳೆಯಲು ಹೇಳಿದ್ದಾರೆ. ಇದಕ್ಕಿಂತ ಹೆಚ್ಚು ಬೇಡ.

ಇದು ನಮ್ಮವರ ಹಳೆಯ ಊರು. ಜನ ಬೆನ್ನಟ್ಟಿ ಓಡಿಸಿದಾಗ ನಮ್ಮ ಮುತ್ತಾತಂದಿರು ಮನೆಗಳಿಗೆ ಬಾಗಿಲೆಳೆದುಕೊಂಡು, ಮಿಸಿಸಿಪಿ ನದಿ ದಾಟಿ ಹೊರಟುಹೋದದ್ದು ಇಲ್ಲಿಂದಲೇ. ಈಗ ಕಮ್ಮಾರಸಾಲೆ, ಇಟ್ಟಿಗೆಗೂಡು, ಬೇಕರಿ ಎಲ್ಲವನ್ನೂ ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಬಂದವರಿಗೆ ಅವನ್ನು ತೋರಿಸಿ ಕಥೆ ಹೇಳುವುದು ನಮ್ಮ ಸೇವೆ. ಮುಕ್ಕಾಲು ಪಾಲು ಪ್ರಚಾರಕರು ನಿವೃತ್ತರಾದ ಅಜ್ಜ ಅಜ್ಜಿಯರು. ನನ್ನ ವಯಸ್ಸಿನವರು ಕೆಲವರೇ. ಗೆಳತಿಯರೆಲ್ಲ ಬ್ರೆಜಿಲ್, ಜಪಾನ್ ಎಂದು ದೇಶ ಸುತ್ತುತ್ತ ಜನರಿಗೆ ದೀಕ್ಷಾಸ್ನಾನ ಕೊಡಿಸುತ್ತಿರುವಾಗ ನಾನು ಬೇಕರಿಯಲ್ಲಿ ನಿಂತು ಬಂದವರಿಗೆ ಕಾಕಂಬಿ ಮಿಠಾಯಿ ಹಂಚಬೇಕು.

ಜೊತೆಗಾತಿ ಸಿಸ್ಟರ್ ವೈಪುಲು (ಪ್ರಚಾರಕರಲ್ಲಿ ಹೆಂಗಸರೆಲ್ಲ ಸಿಸ್ಟರ್, ಗಂಡಸರೆಲ್ಲ ಎಲ್ಡರ್). ಟೊಂಗಾದವರ ಮಗಳು, ಬೆಳೆದದ್ದು ಸಾಲ್ಟ್‌ಲೇಕಿನಲ್ಲಿ. ಹಲ್ಲುಜ್ಜುವಾಗಲೂ ಹಾಡುತ್ತಾಳೆ. ನಿಯಮದ ಪ್ರಕಾರ ನಾವಿಬ್ಬರೂ ಯಾವಾಗಲೂ ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳುತ್ತಿರಬೇಕು.

ಇಲ್ಲಿಯ ಮುಖ್ಯಸ್ಥರಾದ ಅಧ್ಯಕ್ಷ ಎಂಬ್ರಿಯವರಿಗೆ ಮಾತ್ರ ನನ್ನ ವಿಷಯ ಗೊತ್ತು. "ಅದು ನಿನ್ನದು. ಹೇಳ್ಬೇಕು ಅನ್ಸಿದ್ರೆ ನೀನೇ ಹೇಳು. ನನ್ನ ಬಾಯಿಂದ ಬರಲ್ಲ" ಎಂದರು.

ಹಳೇ ಕಾಲದ ಉಡುಪು ಕೊಟ್ಟರು. ನೆಲ ಗುಡಿಸುವ ಲಂಗ, ಏಪ್ರನ್, ಮುಖದ ಮುಂದಕ್ಕೆ ಚಾಚಿಕೊಂಡ ಬಟ್ಟೆಯ ಟೊಪ್ಪಿಗೆ. ಪಕ್ಕದಲ್ಲಿ ನಿಂತವರಿಗೆ ಮುಖವೇ ಕಾಣುವುದಿಲ್ಲ. ಇದು ಇವತ್ತಿನ ಕೃತಜ್ಞತೆ.

ಏಪ್ರಿಲ್ 21, ಗುರುವಾರ

ಬೆಳಗ್ಗೆ ಬೇಕರಿಯಲ್ಲಿ ಒಂದು ಬಸ್ಸಿನ ಜನ ಒಮ್ಮೆಗೇ ನುಗ್ಗಿದರು. ಉಸಿರು ಕಟ್ಟಿತು. ಬೆರಳುಗಳು ಮರಗಟ್ಟಿ ತಟ್ಟೆ ಕೆಳಗೆ ಬಿತ್ತು. ಒಲೆಯ ಹೊಗೆಯಿಂದ ಹೀಗಾಯಿತೆಂದು ಎಲ್ಲರೂ ತಿಳಿದರು.

ಮಧ್ಯಾಹ್ನ, ಬಂದವರನ್ನು ಊರು ಸುತ್ತಿಸುವ ಎತ್ತಿನ ಗಾಡಿಯವರ ಜೊತೆ ಊಟ. ಗಾಡಿ ಓಡಿಸುವವರು ಎಲ್ಡರ್ ಬ್ಲ್ಯಾಕ್‌ಹ್ಯಾಮ್, ಕಥೆ ಹೇಳುವವರು ಅವರ ಹೆಂಡತಿ. ದಕ್ಷಿಣ ಯೂಟಾದವರು, ಆರು ಮಕ್ಕಳನ್ನು ದಡ ಸೇರಿಸಿ, ಮನೆಗೆ ಬೀಗ ಹಾಕಿಕೊಂಡು ಬಂದಿದ್ದಾರೆ. ನನ್ನ ಸೂಟ್‌ಕೇಸಿಗೆ ಅಮ್ಮ ಅಂಟಿಸಿದ್ದ ಫಿನ್‌ಲ್ಯಾಂಡಿನ ಬಾವುಟ ಸಿಸ್ಟರ್ ಬ್ಲ್ಯಾಕ್‌ಹ್ಯಾಮ್ ಕಣ್ಣಿಗೆ ಮೊದಲ ದಿನವೇ ಬಿದ್ದಿತ್ತಂತೆ.

"ಏನ್ ಸಿಸ್ಟರ್ ಥರ್ಗುಡ್, ಫಿನ್‌ಲ್ಯಾಂಡಿಗೆ ಹೊರಟವಳು ನಮ್ಮಂಥ ಮುದುಕರ ಮಧ್ಯ ಹೆಂಗಮ್ಮ ಬಂದು ಬಿದ್ದೆ?"

"ವೀಸಾ ಬಂದಿಲ್ಲ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬೀಜ ಹೊರಗೆ ಬಿದ್ದಂತೆ ಬಿತ್ತು.

"ಅಯ್ಯೋ ಪಾಪ!" ಎಂದು ಅವರು ತಮ್ಮ ತಟ್ಟೆಯ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯಲ್ಲಿ ಅರ್ಧವನ್ನು ನನ್ನ ತಟ್ಟೆಗೆ ಸುರಿದರು. ಅವರ ಗಂಡ, "ಹಂಗಾದ್ರೆ ನೀನು ನಮಗೆ ಸಾಲ ಸಿಕ್ಕಿದೀಯಾ ಅನ್ನು. ಇವತ್ತಿಂದ ನಿನ್ನ ಹೆಸರು ಫಿನ್‌ಲ್ಯಾಂಡು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಇದರಿಂದ ಯಾರಿಗೂ ಕೆಡುಕಿಲ್ಲ. ನಾಲ್ಕು ದಿನದಲ್ಲಿ ಮರೆಯುತ್ತಾರೆ.

ಏಪ್ರಿಲ್ 25, ಸೋಮವಾರ

ವಾರದ ಬಿಡುವು. ಅಮ್ಮನೊಂದಿಗೆ ಮಾತಾಡಿದೆ. ನಮ್ಮ ಚರ್ಚಿನವರು ಕೇಳಿದರೆ "ವಿಶೇಷ ನೇಮಕ" ಎಂದು ಹೇಳುತ್ತಿದ್ದಾಳಂತೆ. "ಸುಳ್ಳೇನಲ್ವಲ್ಲ" ಎಂದಳು. ಅಲ್ಲ ಎಂದೆ. ಆಮೇಲೆ ಇಬ್ಬರೂ ಹವೆಯ ವಿಷಯ ಮಾತಾಡಿದೆವು.

ಏಪ್ರಿಲ್ 26, ಮಂಗಳವಾರ

ಮರೆಯಲಿಲ್ಲ.

ಬೆಳಗಿನ ಸಭೆಯಲ್ಲಿ ಎಲ್ಲ ಪ್ರಚಾರಕರೂ ಸೇರುತ್ತಾರೆ. ಇವತ್ತು ಪ್ರಾರ್ಥನೆಯ ಸರದಿ ಸಿಸ್ಟರ್ ಬ್ಲ್ಯಾಕ್‌ಹ್ಯಾಮ್ ಅವರದು. ರೋಗಿಗಳು, ಮೊಮ್ಮಕ್ಕಳು, ಮಳೆ ಎಲ್ಲ ಮುಗಿದ ಮೇಲೆ, "ಪರಲೋಕದ ತಂದೆಯೇ, ನಮ್ಮ ಸಿಸ್ಟರ್ ಥರ್ಗುಡ್ ಅವರ ವೀಸಾಕ್ಕೆ ಅಡ್ಡವಾಗಿ ಕೂತಿರುವ ಅಧಿಕಾರಿಗಳ ಹೃದಯ ಕರಗಿಸು" ಎಂದರು. ಇಡೀ ಸಭಾಂಗಣ ಆಮೆನ್ ಎಂದಿತು.

ಕಣ್ಣು ತೆರೆದಾಗ ಅಧ್ಯಕ್ಷ ಎಂಬ್ರಿ ನನ್ನನ್ನೇ ನೋಡುತ್ತಿದ್ದರು. ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ತಲೆ ಬಗ್ಗಿಸಬಹುದಿತ್ತು. ಬಸ್ ನಿಲ್ದಾಣದಲ್ಲಿ ಯಾರಿಗೋ ಕಾಯುವವರ ಹಾಗೆ ನೋಡುತ್ತಿದ್ದರು. ನಾನು ಟೊಪ್ಪಿಗೆಯ ದಾರ ಬಿಗಿದುಕೊಂಡು ಹೊರಗೆ ನಡೆದೆ.

ದಾರಿಯುದ್ದಕ್ಕೂ ಮುದುಕಿಯರು ಹಿಡಿದು ನಿಲ್ಲಿಸಿದರು. ಒಬ್ಬರ ಅಳಿಯ ವಾಷಿಂಗ್ಟನ್‌ನಲ್ಲಿದ್ದಾನಂತೆ, ಫೋನ್ ಮಾಡಿಸುತ್ತಾರಂತೆ. ಬೇಡ ಎಂದೆ. "ಎಷ್ಟು ತಾಳ್ಮೆ ನೋಡ್ರೀ ಈ ಹುಡುಗಿಗೆ" ಎಂದರು.

ಏಪ್ರಿಲ್ 29, ಶುಕ್ರವಾರ

ಬೇಕರಿಯ ಹಿಂದೆ ಸೌದೆ ಹಾಕುವ ಕೊಠಡಿಯಿದೆ. ಇವತ್ತು ಅಲ್ಲಿ ಅಡಗಿ ಕೂರಬೇಕಾಯಿತು.

ನಾನು ಬೇಕರಿಯೊಳಗಿದ್ದೆ. ವೈಪುಲು ಲಂಗ ಎತ್ತಿ ಹಿಡಿದು ರಸ್ತೆಯಲ್ಲಿ ಓಡುತ್ತ ಬಂದಳು. "ಥರ್ಗುಡ್! ಬಾ ಬಾ ಬಾ! ಯಾರು ಬಂದಿದಾರೆ ಗೊತ್ತಾ? ಫಿನ್‌ಲ್ಯಾಂಡಿನವರು! ಗಂಡ ಹೆಂಡ್ತಿ! ನಿನ್ನ ವಿಷಯ ಹೇಳ್ಬಿಟ್ಟೆ!"

ಅವಳ ಮುಖ ಹಬ್ಬದ ದಿನದ ಹಾಗಿತ್ತು. ಕಿಟಕಿಯಿಂದ ನೋಡಿದೆ. ಬೇಲಿಯ ಹತ್ತಿರ ನಸುನೀಲಿ ಮಳೆಯಂಗಿ ತೊಟ್ಟ ವಯಸ್ಸಾದ ಹೆಂಗಸು, ಕೈಕಟ್ಟಿ ನಿಂತ ಗಂಡಸು. ಅವರ ಹಿಂದೆ ಸಿಸ್ಟರ್ ಬ್ಲ್ಯಾಕ್‌ಹ್ಯಾಮ್, ಇನ್ನೂ ಐದಾರು ಮುದುಕರು, ಪವಾಡ ನೋಡಲು ಸೇರಿದವರ ಹಾಗೆ.

ಉಸಿರು ಹೋಯಿತು. ಎಷ್ಟು ಎಳೆದರೂ ಎದೆಯೊಳಕ್ಕೆ ಇಳಿಯಲಿಲ್ಲ. ಹಿಂಬಾಗಿಲಿನಿಂದ ಓಡಿ ಸೌದೆಯ ಮಧ್ಯೆ ಕೂತೆ. ವೈಪುಲು ಬಂದು ನೋಡಿದಳು. "ಹೊಟ್ಟೆ ನೋವಾ?" ಎಂದಳು. ಹೂಂ ಎಂದು ತಲೆಯಾಡಿಸಿದೆ. ಅವಳು ನನ್ನ ಬೆನ್ನು ನೀವಿ, ಹೊರಗೆ ಹೋಗಿ, ನನ್ನ ಪರವಾಗಿ ಕ್ಷಮೆ ಕೇಳಿ ಬಂದಳು.

ಆ ಹೆಂಗಸು ನನಗೆಂದು ಒಂದು ಪೊಟ್ಟಣ ಕೊಟ್ಟುಹೋಗಿದ್ದಾರೆ. ಅವರ ದೇಶದ ಉಪ್ಪುಪ್ಪು ಕಪ್ಪು ಮಿಠಾಯಿ. "ಬರೋಕೆ ಮೊದ್ಲೇ ಅಭ್ಯಾಸ ಮಾಡ್ಕೊಳ್ಲಿ, ಮೊದಲ ಸಲ ಎಲ್ಲರೂ ಉಗೀತಾರೆ ಅಂದ್ರು" ಎಂದು ವೈಪುಲು ನಕ್ಕಳು. ಒಂದನ್ನು ಬಾಯಿಗೆ ಹಾಕಿಕೊಂಡು, ಮೊದಲ ಸಲ ತಿನ್ನುವವಳ ಹಾಗೆ ಮುಖ ಹಿಂಡಿದೆ.

ಅದನ್ನೂ ಮಾಡಿದೆ ನಾನು.

ಏಪ್ರಿಲ್ 30, ಶನಿವಾರ

ನಾಳೆ ತಿಂಗಳ ಮೊದಲ ಭಾನುವಾರ, ಉಪವಾಸದ ದಿನ. ಎರಡು ಹೊತ್ತಿನ ಊಟ ಬಿಡಬೇಕು. ಈ ಸಲದ ಉಪವಾಸವನ್ನು ಎಲ್ಲರೂ ಸೇರಿ ನನ್ನ ವೀಸಾಕ್ಕೆ ಮೀಸಲಿಡೋಣ ಎಂದು ಸಿಸ್ಟರ್ ಬ್ಲ್ಯಾಕ್‌ಹ್ಯಾಮ್ ಸೂಚಿಸಿದ್ದಾರೆ. ಎಲ್ಲರೂ ಕೈ ಎತ್ತಿದ್ದಾರೆ.

ಅಧ್ಯಕ್ಷರ ಬಾಗಿಲವರೆಗೆ ಹೋದೆ. ಒಳಗೆ ಯಾರೋ ಮಾತಾಡುತ್ತಿದ್ದರು. ವಾಪಸು ಬಂದೆ.

ಮೇ 1, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಹಸಿವು ತಡೆಯಲಾಗಲಿಲ್ಲ. ನಿಜವಾಗಿ ಹಸಿವೂ ಅಲ್ಲ. ನನ್ನ ಸುಳ್ಳಿಗಾಗಿ ನಾನೇ ಉಪವಾಸ ಕೂರುವುದು ಹೇಗೆಂದು ತಿಳಿಯಲಿಲ್ಲ. ಬೇಕರಿಯ ಡಬ್ಬದಿಂದ ಕಾಕಂಬಿ ಮಿಠಾಯಿ ಜೇಬಿಗೆ ಹಾಕಿಕೊಂಡೆ. ಚರ್ಚಿಗೆ ಹೋಗುವ ಮುಂಚೆ ಎತ್ತುಗಳಿಗೆ ಹುಲ್ಲು ಹಾಕುವ ಸರದಿ ನಮ್ಮದು. ಕೊಟ್ಟಿಗೆಯ ಹಿಂದೆ ನಿಂತು ಒಂದು ತಿಂದೆ, ಇನ್ನೊಂದನ್ನು ಉಳಿಸಿಕೊಂಡೆ. ವೈಪುಲು ಹುಲ್ಲಿನ ಕಟ್ಟು ಬಿಚ್ಚುತ್ತ ಹಾಡುತ್ತಿದ್ದಳು.

ಎಲ್ಡರ್ ಬ್ಲ್ಯಾಕ್‌ಹ್ಯಾಮ್ ನೀರಿನ ತೊಟ್ಟಿಯ ಹತ್ತಿರ ಇದ್ದರು. "ಏನಮ್ಮ ಫಿನ್‌ಲ್ಯಾಂಡು..." ಎಂದು ಏನೋ ಹೇಳಲು ಹೋಗಿ, ಮಾತು ತೊದಲಿ, ತೊಟ್ಟಿಯ ಅಂಚು ಹಿಡಿದು ಹಾಗೇ ಕುಸಿದು ಕೂತರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕಣ್ಣು ನನ್ನನ್ನು ನೋಡುತ್ತಿದ್ದರೂ ಗುರುತು ಹಿಡಿಯುತ್ತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಎಂದು ಎಲ್ಲರಿಗೂ ಗೊತ್ತು. ಊಟದ ಮುಂಚೆ ಮೇಜಿನ ಕೆಳಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಅಂಥವರು ಉಪವಾಸ ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಮಾಡಿದ್ದರು.

ನನ್ನ ಸೋದರತ್ತೆಗೂ ಇದೇ ಕಾಯಿಲೆ, ಸಕ್ಕರೆ ಇಳಿದಾಗ ಹೀಗಾಗುವುದನ್ನು ನೋಡಿದ್ದೆ. ಜೇಬಿನ ಮಿಠಾಯಿ ಮೈ ಶಾಖಕ್ಕೆ ಕರಗಿ ಬಟ್ಟೆಗೆ ಅಂಟಿಕೊಂಡಿತ್ತು. ಬೆರಳಿನಿಂದ ಬಳಿದು ಬಳಿದು ಅವರ ಒಸಡಿಗೆ ಹಚ್ಚಿದೆ. "ವೈಪುಲು, ಫೋನ್ ಮಾಡು! ಆಂಬುಲೆನ್ಸ್!" ಎಂದು ಕೂಗಿದೆ. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಚ್ಚುತ್ತಲೇ ಇದ್ದೆ. ಎತ್ತೊಂದು ಬಂದು ನನ್ನ ಟೊಪ್ಪಿಗೆ ಮೂಸಿ ಹೋಯಿತು. ಆಂಬುಲೆನ್ಸ್ ಬರುವಷ್ಟರಲ್ಲಿ ಅವರು ನಾಲಿಗೆ ಆಡಿಸಿ ನುಂಗುತ್ತಿದ್ದರು.

ಮಧ್ಯಾಹ್ನ ನದಿಯಾಚೆಯ ಆಸ್ಪತ್ರೆಗೆ ನಾವಿಬ್ಬರೂ ಹೋದೆವು. ಅವರು ದಿಂಬಿಗೆ ಒರಗಿ ಕೂತಿದ್ದರು, ಕೈಗೆ ಗ್ಲೂಕೋಸ್ ಹಾಕಿದ್ದರು. ಹೆಂಡತಿ ಪಕ್ಕದಲ್ಲಿ ಕೂತು ಬೈಯುತ್ತಿದ್ದರು.

"ಟೋಸ್ಟು ತಿಂದೆ ಅಂತ ನನ್ನ ಮುಖ ನೋಡಿ ಹೇಳ್ತಾನೆ ಕಣಮ್ಮ. ತಿಂದಿದ್ದು ಯಾರು? ಎತ್ತು! ಚುಚ್ಕೊಂಡಿದ್ದು ಮಾತ್ರ ಇವನು!"

"ಅದಕ್ಕೆ ಇಷ್ಟವಾಯ್ತು" ಎಂದರು ಎಲ್ಡರ್ ಬ್ಲ್ಯಾಕ್‌ಹ್ಯಾಮ್. ಆಮೇಲೆ ನನ್ನ ಕಡೆ ತಿರುಗಿ, "ಬಾಯಲ್ಲಿ ಇನ್ನೂ ಕಾಕಂಬಿ ರುಚಿ ಇದೆ. ಉಪವಾಸದ ದಿನ ನಿನ್ನ ಜೇಬಲ್ಲಿ ಮಿಠಾಯಿ ಹೆಂಗೆ ಬಂತಮ್ಮ?" ಎಂದು ಕಣ್ಣು ಮಿಟುಕಿಸಿದರು.

"ದೇವರೇ ಇಟ್ಟಿದ್ದು" ಎಂದರು ಸಿಸ್ಟರ್ ಬ್ಲ್ಯಾಕ್‌ಹ್ಯಾಮ್. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು. "ಇದನ್ನ ನಾನು ಸಾಯೋವರೆಗೂ ಹೇಳ್ತೀನಿ. ನಾವು ನಿಂಗೋಸ್ಕರ ಉಪವಾಸ ಮಾಡಿದ್ವಿ, ದೇವರು ನಿನ್ನ ಕೈಲೇ ನನ್ನ ಗಂಡನ್ನ ಉಳಿಸಿಕೊಟ್ಟ."

ಅವರು ಹಾಗೆ ಹೇಳದೆ ಹೋಗಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಅವರು ಇದನ್ನು ಮಕ್ಕಳಿಗೆ ಹೇಳುತ್ತಾರೆ, ಮೊಮ್ಮಕ್ಕಳು ಚರ್ಚಿನಲ್ಲಿ ಎದ್ದು ನಿಂತು ಹೇಳುತ್ತಾರೆ.

"ದೇವರು ಇಡ್ಲಿಲ್ಲ" ಎಂದೆ. "ನಾನೇ ಇಟ್ಕೊಂಡಿದ್ದು. ತಿನ್ನೋಕೆ. ನಾನು ಉಪವಾಸ ಮಾಡ್ಲಿಲ್ಲ. ವೀಸಾನೂ ಸುಳ್ಳು. ವೀಸಾ ಹೋದ ವರ್ಷವೇ ಬಂದಿತ್ತು. ಅಲ್ಲಿಗೆ ಹೋಗಿದ್ದೆ. ನನ್ನ ಕೈಲಾಗ್ಲಿಲ್ಲ, ವಾಪಸ್ ಕಳಿಸಿದ್ರು."

ಅವರು ನನ್ನ ಕೈ ಬಿಡಲಿಲ್ಲ, ಮರೆತವರ ಹಾಗೆ ಹಿಡಿದೇ ಇದ್ದರು. ಆಮೇಲೆ ಬಿಟ್ಟರು.

"ಹಂಗಾದ್ರೆ ಇವನು ಬಿದ್ದಿದ್ದು ಯಾತಕ್ಕೆ?" ಎಂದರು. "ಹೇಳು. ನನ್ನ ಗಂಡ ನೆಲದ ಮೇಲೆ ಬಿದ್ದಿದ್ದು ಯಾತಕ್ಕೆ?"

"ವರ್ಲಾ, ಬಿಡು" ಎಂದರು ಅವರ ಗಂಡ.

"ನೀನು ಸುಮ್ನಿರು. ನೀನೂ ಸುಳ್ಳುಗಾರನೇ." ನನಗೆ, "ಹೊರಗೆ ಹೋಗಮ್ಮ. ನಿನ್ನ ಮುಖ ನೋಡೋಕೆ ನಂಗೀಗ ಆಗಲ್ಲ" ಎಂದರು.

ವಾಪಸು ಬರುವಾಗ ವೈಪುಲು ಕಾರು ಓಡಿಸಿದಳು. ಹಾಡಲಿಲ್ಲ. ಸೇತುವೆ ದಾಟಿದ ಮೇಲೆ, ರಸ್ತೆಯನ್ನೇ ನೋಡುತ್ತ ಹೇಳಿದಳು: "ದಿನಾ ರಾತ್ರಿ ಮಂಡಿಯೂರಿ ನಿನ್ನ ವೀಸಾ ಕೇಳ್ತಿದ್ದೆ. ಪಕ್ಕದಲ್ಲೇ ನೀನು ಆಮೆನ್ ಅಂತಿದ್ದೆ."

ಮೇ 2, ಸೋಮವಾರ

ಅಮ್ಮನಿಗೆ ಫೋನ್ ಮಾಡಲಿಲ್ಲ.

ಅಧ್ಯಕ್ಷರ ಕೋಣೆಗೆ ಹೋದೆ. ನಾನು ಬಾಯಿ ತೆರೆಯುವ ಮುಂಚೆಯೇ ಅವರು ಕುರ್ಚಿ ಎಳೆದುಕೊಟ್ಟರು. "ನೀನಾಗೇ ಬರ್ತೀಯ ಅಂತ ಕಾಯ್ತಿದ್ದೆ. ಅದು ನಂದೂ ತಪ್ಪೇ. ಆವತ್ತು ವೀಸಾದ ಪ್ರಾರ್ಥನೆ ಮುಗಿದ ತಕ್ಷಣ ಕರೆದು ಮಾತಾಡ್ಬೇಕಿತ್ತು. ಅಷ್ಟು ಜನ ಹಸಿದ್ರು." ಅವರೂ ನಿದ್ದೆ ಮಾಡಿದಂತಿರಲಿಲ್ಲ.

ಮನೆಗೆ ಕಳಿಸುತ್ತೀರಾ ಎಂದು ಕೇಳಿದೆ.

"ಹೋಗ್ಬೇಕು ಅಂತ ಇದೀಯಾ?"

ಹೌದು ಎಂದು ಹೇಳಲೆಂದೇ ಹೋಗಿದ್ದೆ. ಇಲ್ಲ ಎಂದೆ.

"ಹಂಗಾದ್ರೆ ನಾಳೆ ಎಲ್ಲರ ಮುಂದೆ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಮೇ 3, ಮಂಗಳವಾರ

ಹೇಳಿದೆ. ನಾಲ್ಕು ವಾಕ್ಯ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೆ. "ನನಗೆ ವೀಸಾ ಬರಬೇಕಿಲ್ಲ. ನಾನು ಫಿನ್‌ಲ್ಯಾಂಡಿಗೆ ಹೋಗಿ, ಇರೋಕಾಗದೆ ವಾಪಸ್ ಬಂದವಳು. ನಿಮಗೆಲ್ಲ ಸುಳ್ಳು ಹೇಳಿದೆ. ಕ್ಷಮಿಸಿ."

ಕೊನೆಯ ಸಾಲಿನಲ್ಲಿ ಕಿವಿ ಮಂದವಾದ ಎಲ್ಡರ್ ಒಬ್ಬರಿದ್ದಾರೆ. ಅವರು ಪಕ್ಕದವರಿಗೆ ಗಟ್ಟಿಯಾಗಿ, ಸಂತೋಷದಿಂದ, "ವೀಸಾ ಬಂತಂತಾ?" ಎಂದರು. ಪಕ್ಕದವರು, "ಇಲ್ಲ ಮಾರಾಯ, ಬೇಡ್ವಂತೆ" ಎಂದರು. "ಯಾಕೆ ಬೇಡ್ವಂತೆ?" ಎಂದರು ಅವರು. ನೆಲ ಬಾಯಿಬಿಟ್ಟಿದ್ದರೆ ಟೊಪ್ಪಿಗೆಯ ಸಮೇತ ಇಳಿದುಹೋಗುತ್ತಿದ್ದೆ. ನಗುವುದೋ ಬೇಡವೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಸ್ಟರ್ ಬ್ಲ್ಯಾಕ್‌ಹ್ಯಾಮ್ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

ಆಮೇಲೆ ಕೆಲವರು ಬೆನ್ನು ತಟ್ಟಿದರು. ಕೆಲವರು ತಟ್ಟಲಿಲ್ಲ. ವಾಷಿಂಗ್ಟನ್‌ನಲ್ಲಿ ಅಳಿಯನಿರುವ ಅಜ್ಜಿ, "ಅವನು ಎರಡು ಸಲ ಫೋನ್ ಮಾಡಿದ್ದ" ಎಂದಷ್ಟೇ ಹೇಳಿ ಹೋದರು.

ಮೇ 6, ಶುಕ್ರವಾರ

ಎಲ್ಡರ್ ಬ್ಲ್ಯಾಕ್‌ಹ್ಯಾಮ್ ಬಂದಿದ್ದಾರೆ. ಗಾಡಿಯ ಮೇಲೆ ಕೂರಬಹುದು, ಎತ್ತುಗಳ ಜೊತೆ ನಡೆಯಬಾರದು ಎಂದಿದ್ದಾರೆ ಡಾಕ್ಟರು. ಇಲ್ಲಿ ಗಾಡಿ ಹೊಡೆಯುವವರು ಎತ್ತಿನ ಪಕ್ಕದಲ್ಲೇ ನಡೆಯಬೇಕು, ಅದಕ್ಕೆ ಯಾರಾದರೂ ಬೇಕು. ಸಿಸ್ಟರ್ ಬ್ಲ್ಯಾಕ್‌ಹ್ಯಾಮ್ ಬೇಕರಿಗೆ ಬಂದು ಬಾಗಿಲಲ್ಲೇ ನಿಂತು, ವೈಪುಲುವನ್ನು ನೋಡುತ್ತ ನನಗೆ ಹೇಳಿದರು:

"ನೀವಿಬ್ರೂ ನಾಳೆಯಿಂದ ಗಾಡಿಗೆ ಬನ್ನಿ. ನೀನು ಎತ್ತಿನ ಜೊತೆ ನಡಿ. ಅವನು ಊಟ ಮಾಡಿದ್ನಾ ಇಲ್ವಾ ಕಣ್ಣಿಟ್ಟು ನೋಡಿ ನಂಗೆ ಬಂದು ಹೇಳು. ಅವನು ಏನೇ ಹೇಳಿಕೊಡ್ಲಿ, ಇದ್ದಿದ್ದು ಇದ್ದ ಹಾಗೆ ಹೇಳು."

ಹೂಂ ಎಂದೆ.

ಮೇ 7, ಶನಿವಾರ

ಒಂದು ಎತ್ತು ನನ್ನ ಕಾಲು ತುಳಿಯಿತು. ಎಲ್ಡರ್ ಬ್ಲ್ಯಾಕ್‌ಹ್ಯಾಮ್ ಅರ್ಧ ಸ್ಯಾಂಡ್‌ವಿಚ್ ಬಿಟ್ಟರು. ಹೋಗಿ ಹೇಳಿದೆ. "ಚಾಡಿಕೋರಿ" ಎಂದು ಗಾಡಿಯ ಮೇಲಿನಿಂದ ಕೂಗಿದರು.

ವೈಪುಲು ಹಲ್ಲುಜ್ಜುವಾಗ ಹಾಡಿದಳು. ನನಗಲ್ಲ, ಆದರೂ ಹಾಡಿದಳು.

ಮೇ 11, ಬುಧವಾರ

ಗಂಟಲು ಬಿದ್ದುಹೋಗಿದೆ. ಬೆಳಗ್ಗಿನಿಂದ ಶಾಲಾ ಮಕ್ಕಳು, ಬಸ್ಸಿನ ಮೇಲೆ ಬಸ್ಸು. ಸಿಸ್ಟರ್ ಬ್ಲ್ಯಾಕ್‌ಹ್ಯಾಮ್‌ಗೆ ನೆಗಡಿಯಾಗಿದ್ದರಿಂದ ಕಥೆಯನ್ನೂ ನಾನೇ ಹೇಳಬೇಕಾಯಿತು. ಒಬ್ಬ ಹುಡುಗಿ ಎತ್ತಿನ ಕಿವಿಯೊಳಗೆ ಏನಿದೆ ಎಂದು ಕೇಳಿದಳು. ನೋಡಿ ಹೇಳಿದೆ: ಕೂದಲು. ಇನ್ನೊಬ್ಬಳು ಗಾಡಿಯಿಂದ ಇಳಿಯುವುದೇ ಇಲ್ಲವೆಂದು ಹಟ ಹಿಡಿದಳು. ಅವಳನ್ನು ಎತ್ತಿ ಇಳಿಸುವಾಗ ಏಪ್ರನ್ ಹರಿಯಿತು.

ಸಂಜೆ ಎತ್ತುಗಳ ನೊಗ ಬಿಚ್ಚುತ್ತಿದ್ದಾಗ ಸಿಸ್ಟರ್ ಬ್ಲ್ಯಾಕ್‌ಹ್ಯಾಮ್ ಕೊಟ್ಟಿಗೆಗೆ ಬಂದರು. ಮೂಗು ಕೆಂಪಗಾಗಿತ್ತು. ವೈಪುಲು ಹೊರಗೆ ಗಾಡಿ ತೊಳೆಯುತ್ತಿದ್ದಳು. ಅವರು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು.

"ಊಟ?"

"ಪೂರ್ತಿ ತಿಂದ್ರು. ಸೇಬು ಮಾತ್ರ ಎತ್ತಿಗೆ ಕೊಟ್ರು."

"ಹೂಂ." ಕರ್ಚೀಫಿನಿಂದ ಮೂಗೊರೆಸಿಕೊಂಡರು. ಆಮೇಲೆ ಕೇಳಿದರು, "ಅಲ್ಲಿ ಏನಾಯ್ತು?"

ಇದನ್ನು ಯಾರೂ ಕೇಳಿರಲಿಲ್ಲ. ಡಾಕ್ಟರು ಎಷ್ಟು ಸಲ ಆಯಿತು ಎಂದು ಕೇಳಿದ್ದರು. ಅಮ್ಮ ಈಗ ಹೇಗಿದ್ದೀಯ ಎಂದು ಕೇಳಿದ್ದಳು. ಅಪ್ಪ ಏನೂ ಕೇಳಿರಲಿಲ್ಲ.

ಹೇಳಿದೆ. ಒಂದು ಅಪಾರ್ಟ್‌ಮೆಂಟು, ಮೂರನೆಯ ಮಹಡಿ, ಮನೆಮನೆಗೆ ಪ್ರಚಾರಕ್ಕೆ ಹೋಗಿದ್ದೆವು. ಬಾಗಿಲ ಮೇಲೆ ಹೆಸರು ಬರೆದಿತ್ತು. ಆ ಹೆಸರನ್ನು ಓದಲು ನನಗೆ ಬರುತ್ತಿತ್ತು, ಏನು ಹೇಳಬೇಕೆಂಬುದೂ ಬಾಯಿಪಾಠವಾಗಿತ್ತು. ಬೆಲ್‌ನ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಜೊತೆಗಾತಿ "ಒತ್ತು" ಎಂದಳು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಾಗಿಲು ತಾನಾಗಿ ತೆರೆಯಿತು. ಕಾಲುಚೀಲದಲ್ಲಿದ್ದ ಒಬ್ಬಾತ ಕಸದ ಚೀಲ ಹಿಡಿದು ಬಂದ. ದಾರಿ ಬಿಡಿ ಎಂದು ಅವರ ಭಾಷೆಯಲ್ಲಿ ಮೆತ್ತಗೆ ಹೇಳಿ, ನನ್ನನ್ನು ಬಳಸಿ ಇಳಿದುಹೋದ. ಮರುದಿನ ಬೇರೆ ಬಾಗಿಲು, ಹಾಗೇ ಆಯಿತು. ಆಮೇಲೆ ಕೋಣೆಯಿಂದ ಹೊರಗೆ ಬರಲೂ ಆಗಲಿಲ್ಲ.

ಅವರು ಮುಂದುವರಿಯಲೆಂದು ಕಾದರು. ಮುಂದೆ ಏನೂ ಇರಲಿಲ್ಲ.

"ಅಷ್ಟೇನಾ?"

"ಅಷ್ಟೇ."

"ಯಾರಾದ್ರೂ ಹೊಡೆದ್ರಾ? ಬೈದ್ರಾ? ನೀನೇನಾದ್ರೂ ಮಾಡಬಾರದ್ದು ಮಾಡಿದ್ಯಾ?"

"ಇಲ್ಲ."

ಸಿಸ್ಟರ್ ಬ್ಲ್ಯಾಕ್‌ಹ್ಯಾಮ್ ತಲೆ ಎತ್ತಿ ನನ್ನನ್ನು ನೋಡಿದರು. ಆಸ್ಪತ್ರೆಯ ದಿನದಿಂದ ಅವರು ನನ್ನ ಮುಖ ನೇರವಾಗಿ ನೋಡಿದ್ದು ಇವತ್ತೇ.

"ನಾನು ಏನೋ ದೊಡ್ಡದು ಅಂದ್ಕೊಂಡಿದ್ದೆ ಕಣಮ್ಮ" ಎಂದರು.

"ನಾನೂ" ಎಂದೆ.

ಅವರು ಎದ್ದು ಬಕೆಟ್ ಕೊಟ್ಟರು. ಇಬ್ಬರೂ ಸೇರಿ ತೊಟ್ಟಿಗೆ ನೀರು ತುಂಬಿದೆವು, ಎತ್ತುಗಳು ಕುಡಿದು ಮುಗಿಸುವವರೆಗೆ ಅಲ್ಲೇ ನಿಂತಿದ್ದೆವು.